ಸ್ವಿಫ್ಟ್ ದೂರದರ್ಶಕ ಮತ್ತು ಗಾಮಾ ಕಿರಣ ಸ್ಫೋಟಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಗಾಮಾ ಕಿರಣ ಸ್ಫೋಟ ಎಂದರೆ ಏನು? ಸ್ವಿಫ್ಟ್ ಅದನ್ನು ಹಿಡಿಯಲು ಯಾಕೆ ಬೇಕಾಯಿತು?

ಆಕಾಶದ ಯಾವುದೋ ಮೂಲೆಯಿಂದ ಮುನ್ಸೂಚನೆಯೇ ಇಲ್ಲದೆ ಬಂದು, ಸೆಕೆಂಡಿನ ಒಂದು ಭಾಗದಿಂದ ಕೆಲವು ನಿಮಿಷಗಳವರೆಗೆ ಬೆಳಗಿ ಹೋಗುವ ಗಾಮಾ ಕಿರಣಗಳ ಹೊಳಪು ಅದು. ಮೊದಲು ಕಂಡದ್ದು 1967ರ ಜುಲೈ 2ರಂದು, ಅಮೆರಿಕದ ವೇಲಾ ಉಪಗ್ರಹಗಳಿಗೆ. ಅಣುಬಾಂಬ್ ಪರೀಕ್ಷೆಗಳ ಮೇಲೆ ಕಣ್ಣಿಡಲು ಹಾರಿಸಿದ್ದ ಉಪಗ್ರಹಗಳವು. ಫಲಿತಾಂಶ ಪ್ರಕಟವಾದದ್ದು 1973ರಲ್ಲಿ. ಮುಂದಿನ ಎರಡೂವರೆ ದಶಕ ಸ್ಫೋಟಗಳು ಸಿಗುತ್ತಿದ್ದವು, ಆದರೆ ಅವು ಎಲ್ಲಿ ಆಗುತ್ತಿವೆ ಎಂದು ತಿಳಿಯುತ್ತಿರಲಿಲ್ಲ. ಗಾಮಾ ಉಪಕರಣಗಳು ಕೊಡುತ್ತಿದ್ದ ಸ್ಥಾನ ಎಷ್ಟೋ ಡಿಗ್ರಿಗಳಷ್ಟು ಅಗಲವಾಗಿತ್ತು. ಅಷ್ಟು ದೊಡ್ಡ ಜಾಗದಲ್ಲಿ ಸಾಮಾನ್ಯ ದೂರದರ್ಶಕ ಏನನ್ನು ಹುಡುಕಬೇಕು?

1997ರ ಫೆಬ್ರವರಿ 28ರ ಸ್ಫೋಟಕ್ಕೆ ಇಟಲಿ-ನೆದರ್‌ಲ್ಯಾಂಡ್ಸ್ ಉಪಗ್ರಹ ಬೆಪ್ಪೋಸ್ಯಾಕ್ಸ್ ಕ್ಷ-ಕಿರಣದಲ್ಲಿ ಒಂದು ಉಳಿದ ಹೊಳಪನ್ನು ತೋರಿಸಿತು. ಇದನ್ನೇ ಆಫ್ಟರ್‌ಗ್ಲೋ ಅನ್ನುತ್ತೇವೆ. ಆದರೆ ಬೆಪ್ಪೋಸ್ಯಾಕ್ಸ್ ತನ್ನ ಕ್ಷ-ಕಿರಣ ದೂರದರ್ಶಕವನ್ನು ಅತ್ತ ತಿರುಗಿಸುವಷ್ಟರಲ್ಲಿ ಗಂಟೆಗಳೇ ಕಳೆಯುತ್ತಿದ್ದವು. ಸ್ಫೋಟಕ್ಕೂ ಆ ಮೊದಲ ನೋಟಕ್ಕೂ ನಡುವೆ ಏನಾಯಿತು ಎಂಬುದು ಖಾಲಿ ಪುಟ. ಆ ಪುಟವನ್ನು ಓದಲೆಂದೇ ನಾಸಾದ ಸ್ವಿಫ್ಟ್ ಉಪಗ್ರಹವನ್ನು ಕಟ್ಟಿದ್ದು. 2004ರ ನವೆಂಬರ್ 20ರಂದು ಡೆಲ್ಟಾ-2 ರಾಕೆಟ್‌ನಲ್ಲಿ ಹಾರಿತು. ಯೋಜನೆಯ ಪ್ರಧಾನ ವಿಜ್ಞಾನಿ ನೀಲ್ ಗೆರೆಲ್ಸ್ 2017ರಲ್ಲಿ ತೀರಿಕೊಂಡ ಮೇಲೆ, 2018ರಲ್ಲಿ ಅವರ ಹೆಸರನ್ನು ಇದಕ್ಕೆ ಇಟ್ಟರು. ಇದರ ಒಂದೊಂದು ಭಾಗವನ್ನೂ ಅರ್ಥ ಮಾಡಿಕೊಳ್ಳಲು ಒಂದೇ ಕೀಲಿಕೈ: ಕಳೆದುಹೋದ ಮೊದಲ ನಿಮಿಷವನ್ನು ಆಮೇಲೆ ಎಷ್ಟೇ ದೊಡ್ಡ ದೂರದರ್ಶಕ ತಂದರೂ ನೋಡಲಾಗುವುದಿಲ್ಲ.

ಅದರಲ್ಲಿ ಯಾವ ಯಾವ ಉಪಕರಣಗಳಿವೆ?

ಮೂರು. ಬ್ಯಾಟ್ ಸ್ಫೋಟವನ್ನು ಪತ್ತೆ ಹಚ್ಚುತ್ತದೆ. 15ರಿಂದ 150 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಕಿರಣಗಳಲ್ಲಿ ಚಿತ್ರ ಕಟ್ಟುತ್ತದೆ. ಎಕ್ಸ್‌ಆರ್‌ಟಿ 0.3ರಿಂದ 10 ಕಿಲೋ ಎಲೆಕ್ಟ್ರಾನ್ ವೋಲ್ಟ್ ವ್ಯಾಪ್ತಿಯ ಕ್ಷ-ಕಿರಣ ದೂರದರ್ಶಕ. ಯುವಾಟ್ 30 ಸೆಂ.ಮೀ. ಕನ್ನಡಿಯ, ಅತಿನೇರಳೆ ಮತ್ತು ಗೋಚರ ಬೆಳಕಿನ ದೂರದರ್ಶಕ. ವ್ಯಾಪ್ತಿ 170ರಿಂದ 600 ನ್ಯಾನೋಮೀಟರ್. ಬ್ಯಾಟ್ ಏಕಕಾಲಕ್ಕೆ ಆಕಾಶದ ಸುಮಾರು ಒಂಬತ್ತನೇ ಒಂದು ಭಾಗವನ್ನು ನೋಡುತ್ತದೆ. ಉಳಿದೆರಡರ ನೋಟ ತೀರ ಕಿರಿದು: ಎಕ್ಸ್‌ಆರ್‌ಟಿಗೆ 23.6 ಆರ್ಕ್‌ಮಿನಿಟ್ (ಒಂದು ಆರ್ಕ್‌ಮಿನಿಟ್ ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ), ಯುವಾಟ್‌ಗೆ 17 ಆರ್ಕ್‌ಮಿನಿಟ್. ಅಂದರೆ ಬ್ಯಾಟ್ ಕೊಡುವ ಸ್ಥಾನ ಈ ಕಿರಿದಾದ ಚೌಕಟ್ಟಿನೊಳಗೆ ಬೀಳುವಷ್ಟು ನಿಖರವಾಗಿರಲೇಬೇಕು. ಅದು ಕೊಡುವುದು ಸುಮಾರು 3 ಆರ್ಕ್‌ಮಿನಿಟ್ ತ್ರಿಜ್ಯದ ವೃತ್ತ.

ಗಾಮಾ ಕಿರಣವನ್ನು ಮಸೂರ ಕೇಂದ್ರೀಕರಿಸುವುದಿಲ್ಲವಲ್ಲ, ಹಾಗಿದ್ದರೆ ಬ್ಯಾಟ್ ದಿಕ್ಕನ್ನು ಕಂಡುಹಿಡಿಯುವುದು ಹೇಗೆ?

ನೆರಳಿನಿಂದ. ಹಳೆಯ ಮನೆಯ ಜಾಲಂಧ್ರದ ನೆರಳು ನೆಲದ ಮೇಲೆ ಎಲ್ಲಿ ಬಿದ್ದಿದೆ ಎಂದು ನೋಡಿದರೆ ಸೂರ್ಯ ಎತ್ತ ಇದ್ದಾನೆ ಎಂದು ಹೇಳಬಹುದಲ್ಲ, ಲೆಕ್ಕ ಅದೇ. ಬ್ಯಾಟ್‌ನ ಮೇಲ್ಭಾಗದಲ್ಲಿ ಇಂಗ್ಲಿಷ್ ‘ಡಿ’ ಅಕ್ಷರದ ಆಕಾರದ, 2.7 ಚದರ ಮೀಟರಿನ ಒಂದು ಮಾಸ್ಕ್ ಇದೆ. ಅದರ ಮೇಲೆ ಸುಮಾರು 52,000 ಸೀಸದ ಬಿಲ್ಲೆಗಳು, ಒಂದೊಂದೂ 5 ಮಿ.ಮೀ. ಚದರ, 1 ಮಿ.ಮೀ. ದಪ್ಪ. ಅವನ್ನು ಜೋಡಿಸಿರುವುದು ಬೇಕೆಂದೇ ಕ್ರಮವಿಲ್ಲದೆ. ಕ್ರಮಬದ್ಧವಾಗಿದ್ದರೆ ಬೇರೆ ಬೇರೆ ದಿಕ್ಕಿನ ನೆರಳುಗಳು ಒಂದನ್ನೊಂದು ಹೋಲಿ ಗೊಂದಲವಾಗುತ್ತಿತ್ತು. ಮಾಸ್ಕ್‌ನಿಂದ ಒಂದು ಮೀಟರ್ ಕೆಳಗೆ ಕ್ಯಾಡ್ಮಿಯಮ್-ಜಿಂಕ್-ಟೆಲ್ಯುರೈಡ್ ಹರಳಿನ 32,768 ಪತ್ತೆಕಾರಕಗಳು, ಒಂದೊಂದೂ 4 ಮಿ.ಮೀ. ಚದರ, 2 ಮಿ.ಮೀ. ದಪ್ಪ. ಯಾವ ಹರಳಿಗೆ ಕಿರಣ ಬಿತ್ತು, ಯಾವುದಕ್ಕೆ ಬೀಳಲಿಲ್ಲ ಎಂಬ ನಕ್ಷೆಯನ್ನು ಮಾಸ್ಕ್‌ನ ವಿನ್ಯಾಸದೊಡನೆ ತಾಳೆ ನೋಡಿದರೆ ಆಕಾಶದ ಚಿತ್ರ ಸಿಗುತ್ತದೆ. ಈ ಲೆಕ್ಕವನ್ನು ಉಪಗ್ರಹದ ಗಣಕವೇ ಕೆಲವೇ ಸೆಕೆಂಡುಗಳಲ್ಲಿ ಮುಗಿಸುತ್ತದೆ.

ಸ್ಫೋಟವಾದ ಕ್ಷಣದಿಂದ ಏನೇನು ನಡೆಯುತ್ತದೆ?

ಮೊದಲು ಟ್ರಿಗರ್, ಅಂದರೆ ಸ್ಫೋಟವಾಗಿರಬಹುದು ಎಂದು ಬ್ಯಾಟ್ ತಾನೇ ಎಚ್ಚೆತ್ತುಕೊಳ್ಳುವುದು. ಇದರಲ್ಲಿ ಎರಡು ಬಗೆ. ಎಣಿಕೆಯ ಟ್ರಿಗರ್‌ನಲ್ಲಿ 4 ಮಿಲಿಸೆಕೆಂಡಿನಿಂದ 64 ಸೆಕೆಂಡಿನವರೆಗಿನ ಹಲವು ಕಾಲಾವಧಿಗಳಲ್ಲಿ, ಹಲವು ಶಕ್ತಿ ಪಟ್ಟಿಗಳಲ್ಲಿ, ಪತ್ತೆಕಾರಕದ ಬೇರೆ ಬೇರೆ ಭಾಗಗಳಲ್ಲಿ ಎಣಿಕೆ ಹಿನ್ನೆಲೆಗಿಂತ ಜಿಗಿದಿದೆಯೇ ಎಂದು ಒಟ್ಟಿಗೇ ನೂರಾರು ಪರೀಕ್ಷೆಗಳು ನಡೆಯುತ್ತಿರುತ್ತವೆ. ಚಿತ್ರದ ಟ್ರಿಗರ್‌ನಲ್ಲಿ 64 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚಿನ ಅವಧಿಯ ಚಿತ್ರ ಕಟ್ಟಿ ಹೊಸ ಬಿಂದು ಹುಡುಕುತ್ತದೆ. ನಿಧಾನವಾಗಿ ಏರಿ ನಿಧಾನವಾಗಿ ಇಳಿಯುವ ಮಂಕು ಸ್ಫೋಟಗಳು ಸಿಗುವುದು ಎರಡನೆಯದರಲ್ಲೇ.

ಎಣಿಕೆ ಜಿಗಿದ ಮಾತ್ರಕ್ಕೆ ಸ್ಫೋಟ ಅಂತಲ್ಲ. ಬ್ಯಾಟ್ ಚಿತ್ರ ಕಟ್ಟಿ, ಬಿಂದು ನಿಜಕ್ಕೂ ಇದೆಯೇ, ಇದ್ದರೆ ಅದು ತನ್ನ ಪಟ್ಟಿಯಲ್ಲಿರುವ ಹಳೆಯ ಆಕರವೇ ಎಂದು ನೋಡುತ್ತದೆ. ಹೊಸದಾದರೆ ಸುಮಾರು 15–20 ಸೆಕೆಂಡಿನಲ್ಲಿ ಸ್ಥಾನ ಸಿದ್ಧ. ಆಮೇಲೆ ಉಪಗ್ರಹ ತಾನೇ ನಿರ್ಧರಿಸುತ್ತದೆ: ಈಗ ಮಾಡುತ್ತಿರುವ ಕೆಲಸಕ್ಕಿಂತ ಇದು ಮುಖ್ಯವೇ? ಅತ್ತ ತಿರುಗಿದರೆ ಸೂರ್ಯ ಸುಮಾರು 45 ಡಿಗ್ರಿಗಿಂತ ಹತ್ತಿರ ಬರುತ್ತಾನೆಯೇ, ಭೂಮಿಯ ಅಂಚು ಅಥವಾ ಚಂದ್ರ ಅಡ್ಡ ಬರುತ್ತವೆಯೇ? ಎಲ್ಲ ಸರಿಯಿದ್ದರೆ ಭೂಮಿಯಿಂದ ಯಾರ ಅಪ್ಪಣೆಗೂ ಕಾಯದೆ ಹೊರಳುತ್ತದೆ. 50 ಡಿಗ್ರಿ ತಿರುಗಲು 75 ಸೆಕೆಂಡಿಗಿಂತ ಕಡಿಮೆ ಸಾಕು.

ತಿರುಗಿ ನಿಂತ ಕೂಡಲೇ ಎಕ್ಸ್‌ಆರ್‌ಟಿ ಒಂದು ಪುಟ್ಟ ಚಿತ್ರ ತೆಗೆದು ಕ್ಷ-ಕಿರಣದ ಬಿಂದು ಹುಡುಕುತ್ತದೆ. ಸಿಕ್ಕರೆ ಸ್ಥಾನ ಮೂರು ಆರ್ಕ್‌ಮಿನಿಟ್‌ನಿಂದ ಐದು ಆರ್ಕ್‌ಸೆಕೆಂಡಿನ (ಆರ್ಕ್‌ಸೆಕೆಂಡ್ ಅಂದರೆ ಆರ್ಕ್‌ಮಿನಿಟ್‌ನ ಅರವತ್ತನೇ ಒಂದು ಭಾಗ) ಆಸುಪಾಸಿಗೆ ಇಳಿಯುತ್ತದೆ. ಆಮೇಲೆ ಭೂಮಿಯಲ್ಲಿ ಯುವಾಟ್‌ನ ನಕ್ಷತ್ರಗಳೊಡನೆ ಹೊಂದಿಸಿದರೆ ಇನ್ನೂ ಸುಧಾರಿಸುತ್ತದೆ. ಯುವಾಟ್ ಮೊದಲು ಬಿಳಿ ಫಿಲ್ಟರಿನಲ್ಲಿ ಸುಮಾರು 150 ಸೆಕೆಂಡಿನ ಚಿತ್ರ ತೆಗೆಯುತ್ತದೆ. ಅದರಲ್ಲಿ ಬಿಂದು ಕಂಡರೆ ಸ್ಥಾನ ಅರ್ಧ ಆರ್ಕ್‌ಸೆಕೆಂಡಿನಷ್ಟು ಬಿಗಿ. ಪ್ರತಿ ಹಂತದ ಸಂದೇಶವೂ ನಾಸಾದ ರಿಲೇ ಉಪಗ್ರಹಗಳ ಮೂಲಕ ಕೂಡಲೇ ಕೆಳಗೆ ಬಂದು, ಖಗೋಳ ವೀಕ್ಷಕರಿಗೆ ಇಂಥ ಸೂಚನೆಗಳನ್ನು ಹಂಚುವ ಜಿಸಿಎನ್ ಜಾಲದಲ್ಲಿ ಜಗತ್ತಿಗೆಲ್ಲ ಹರಡುತ್ತದೆ. ಪೂರ್ಣ ದತ್ತಾಂಶ ಆಮೇಲೆ, ಮುಖ್ಯವಾಗಿ ಕೆನ್ಯಾದ ಮಾಲಿಂದಿ ನೆಲನಿಲ್ದಾಣದ ಮೂಲಕ ಇಳಿಯುತ್ತದೆ. ಉಪಗ್ರಹದ ಕಾರ್ಯಾಚರಣೆ ನಡೆಯುವುದು ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಿಂದ.

ಬ್ಯಾಟ್ ತಪ್ಪು ಮಾಡುವುದುಂಟೇ?

ಉಂಟು, ಕಾರಣಗಳು ಹಲವು. ಪತ್ತೆಕಾರಕದ ಗದ್ದಲದಿಂದ ಹುಸಿ ಬಿಂದು ಮೂಡಬಹುದು. ನಕ್ಷತ್ರ ನೋಡಿ ದಿಕ್ಕು ಹೇಳುವ ಸ್ಟಾರ್ ಟ್ರ್ಯಾಕರ್ ಒಂದು ಗಳಿಗೆ ಹಿಡಿತ ತಪ್ಪಿದರೆ, ಚೆನ್ನಾಗಿ ಗೊತ್ತಿರುವ ಪ್ರಖರ ಕ್ಷ-ಕಿರಣ ಆಕರವೇ ತಪ್ಪು ಜಾಗದಲ್ಲಿ ‘ಹೊಸ’ದಾಗಿ ಕಾಣುತ್ತದೆ. ಕಕ್ಷೆ ದಕ್ಷಿಣ ಅಟ್ಲಾಂಟಿಕ್ ಮೇಲಿನ ವಿಕಿರಣ ವಲಯ ಹಾಯುವಾಗ ಕಣಗಳ ಮಳೆಗೆ ಬ್ಯಾಟ್ ಪತ್ತೆ ಕೆಲಸವನ್ನೇ ನಿಲ್ಲಿಸಬೇಕಾಗುತ್ತದೆ. ಆ ಹೊತ್ತಿನಲ್ಲಿ ಆದ ಸ್ಫೋಟ ಅದರ ಪಾಲಿಗೆ ಇಲ್ಲ.

ಗಮನಿಸಬೇಕಾದ ಸೂಚನೆ: ಬ್ಯಾಟ್‌ನ ಚಿತ್ರದಲ್ಲಿ ಬಿಂದುವಿನ ಬಲ 7 ಸಿಗ್ಮಾ (ಹಿನ್ನೆಲೆಯ ಸಹಜ ಏರಿಳಿತದ ಏಳು ಪಟ್ಟು) ಆಸುಪಾಸಿನಲ್ಲಿದ್ದು, ಎಕ್ಸ್‌ಆರ್‌ಟಿ ತಿರುಗಿ ನೋಡಿದಾಗ ಏನೂ ಕಾಣದಿದ್ದರೆ ಅನುಮಾನವಿರಲಿ. ದೊಡ್ಡ ದೂರದರ್ಶಕದ ಸಮಯ ಸುರಿಯುವ ಮುನ್ನ ತಂಡದವರು ಜಿಸಿಎನ್‌ನಲ್ಲಿ ಬರೆಯುವ ಸರ್ಕ್ಯುಲರ್‌ಗೆ, ಅಂದರೆ ಕಿರು ವರದಿಗೆ, ಹತ್ತು ಹದಿನೈದು ನಿಮಿಷ ಕಾಯುವುದು ಒಳ್ಳೆಯದು. ಬಿಂದು ಬಲವಾಗಿದ್ದರೆ ಕಾಯಬೇಡಿ.

ಮತ್ತೊಂದು ಬಗೆಯ ದಾರಿ ತಪ್ಪುವಿಕೆಯೂ ಇದೆ. 2022ರ ಅಕ್ಟೋಬರ್ 9ರಂದು 13:16 ಯುಟಿಗೆ (ಯುಟಿ ಅಂದರೆ ಜಾಗತಿಕ ಕಾಲ, ಭಾರತೀಯ ಕಾಲಕ್ಕಿಂತ ಐದೂವರೆ ಗಂಟೆ ಹಿಂದೆ) ಫರ್ಮಿ ಉಪಗ್ರಹ ಒಂದು ಸ್ಫೋಟ ಹಿಡಿಯಿತು. ಆಗ ಅದು ಸ್ವಿಫ್ಟ್‌ನ ನೋಟದಲ್ಲಿರಲಿಲ್ಲ. 53 ನಿಮಿಷದ ನಂತರ ಆ ಜಾಗ ನೋಟಕ್ಕೆ ಬಂದಾಗ, ಆಫ್ಟರ್‌ಗ್ಲೋ ಎಷ್ಟು ಪ್ರಖರವಾಗಿತ್ತೆಂದರೆ ಬ್ಯಾಟ್ ಅದನ್ನೇ ಹೊಸ ಆಕರ ಎಂದು ಹಿಡಿಯಿತು. ಜಾಗ ಕ್ಷೀರಪಥದ ಪಟ್ಟಿಯ ಹತ್ತಿರ ಇದ್ದುದರಿಂದ, ಇದು ನಮ್ಮ ಗೆಲಾಕ್ಸಿಯೊಳಗಿನದ್ದೇ ಇರಬೇಕು ಎಂದು ಮೊದಲು ವರದಿಯಾಯಿತು. ಎರಡೂ ಒಂದೇ ಎಂದು ತಾಳೆಯಾದ ಮೇಲೆ ಗೊತ್ತಾದದ್ದು, ಅದು ಈವರೆಗೆ ಕಂಡ ಅತ್ಯಂತ ಪ್ರಖರ ಗಾಮಾ ಸ್ಫೋಟ, ಜಿಆರ್‌ಬಿ 221009ಎ (ಜಿಆರ್‌ಬಿ ಅಂದರೆ ಗಾಮಾ ಕಿರಣ ಸ್ಫೋಟ), ರೆಡ್‌ಶಿಫ್ಟ್ 0.151. ವಿಶ್ವ ಹಿಗ್ಗುವುದರಿಂದ ಬೆಳಕು ಕೆಂಪಿನತ್ತ ಎಷ್ಟು ಸರಿದಿದೆ ಎಂಬ ಅಳತೆ ರೆಡ್‌ಶಿಫ್ಟ್; ಅದು ಹೆಚ್ಚಿದಷ್ಟೂ ಆಕರ ದೂರ. ಹೊಸ ಆಕರ ಕಂಡಾಗ ಹಿಂದಿನ ಒಂದೆರಡು ಗಂಟೆಗಳ ಬೇರೆ ಉಪಗ್ರಹಗಳ ಸೂಚನೆಗಳನ್ನು ತಿರುವಿ ಹಾಕಬೇಕು ಅನ್ನುವುದು ಇದಕ್ಕೇ.

ಹೆಸರಿನಲ್ಲಿರುವ ಅಂಕಿ ಅಕ್ಷರಗಳ ಅರ್ಥವೇನು?

ವರ್ಷ, ತಿಂಗಳು, ದಿನ, ಆಮೇಲೆ ಆ ದಿನದ ಸರದಿಯ ಅಕ್ಷರ. 2010ರಿಂದ ಈಚೆಗೆ ದಿನಕ್ಕೆ ಒಂದೇ ಸ್ಫೋಟವಾದರೂ ‘ಎ’ ಸೇರಿಸುತ್ತಾರೆ; ಅದಕ್ಕೆ ಮುಂಚೆ ಒಂದೇ ಇದ್ದರೆ ಅಕ್ಷರ ಇರುತ್ತಿರಲಿಲ್ಲ. ದಿನಾಂಕ ಯುಟಿಯದ್ದು. ನಮ್ಮ ಬೆಳಗಿನ ಜಾವ 3 ಗಂಟೆ ಅಂದರೆ ಯುಟಿಯಲ್ಲಿ ಹಿಂದಿನ ದಿನದ 21:30. ಲಾಗ್ ಪುಸ್ತಕದಲ್ಲಿ ಭಾರತೀಯ ಕಾಲ ಬರೆದಿಟ್ಟು ಆಮೇಲೆ ಕಳೆಯುವ ಬದಲು, ದೂರದರ್ಶಕದ ಗಣಕವನ್ನೇ ಯುಟಿಗೆ ಹೊಂದಿಸಿಬಿಡಿ.

ಎರಡು ಸೆಕೆಂಡಿಗಿಂತ ಚಿಕ್ಕದು, ಉದ್ದದ್ದು ಎಂಬ ಭೇದ ಇನ್ನೂ ನಿಲ್ಲುತ್ತದೆಯೇ?

ಒಟ್ಟು ಲೆಕ್ಕದಲ್ಲಿ ನಿಲ್ಲುತ್ತದೆ, ಒಂದೊಂದು ಸ್ಫೋಟಕ್ಕೆ ಅನ್ವಯಿಸುವಾಗ ಎಚ್ಚರ ಬೇಕು. ಉದ್ದದ ಸ್ಫೋಟಗಳಲ್ಲಿ ಹೆಚ್ಚಿನವು ಭಾರಿ ನಕ್ಷತ್ರದ ಕುಸಿತದಿಂದ. ಕೆಲವು ದಿನಗಳ ಬಳಿಕ ಅದೇ ಜಾಗದಲ್ಲಿ ಸೂಪರ್‌ನೋವಾ ಕಾಣುವುದುಂಟು. ಚಿಕ್ಕವು ಹೆಚ್ಚಾಗಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿಯಾಗಿ ಒಂದಾಗುವಾಗಿನವು. ಚಿಕ್ಕ ಸ್ಫೋಟವೊಂದರ ಕ್ಷ-ಕಿರಣ ಆಫ್ಟರ್‌ಗ್ಲೋವನ್ನು ಮೊದಲು ಹಿಡಿದದ್ದು ಸ್ವಿಫ್ಟ್‌ನ ದೊಡ್ಡ ಗೆಲುವು: 2005ರ ಮೇ 9ರ ಜಿಆರ್‌ಬಿ 050509ಬಿ. ಆದರೆ 2021ರ ಡಿಸೆಂಬರ್ 11ರ ಜಿಆರ್‌ಬಿ 211211ಎ ಒಂದು ನಿಮಿಷದ ಆಸುಪಾಸು ನಡೆದರೂ ಆಮೇಲೆ ಕಂಡದ್ದು ಸೂಪರ್‌ನೋವಾ ಅಲ್ಲ, ಡಿಕ್ಕಿಯ ಗುರುತಾದ ಕಿಲೋನೋವಾ. ಹಾಗಾಗಿ ‘ಉದ್ದದ್ದು, ಹತ್ತಿರದ್ದು, ಸೂಪರ್‌ನೋವಾ ಬಂದೇ ಬರುತ್ತದೆ’ ಎಂದು ಅವಗೆಂಪಿನಲ್ಲಿ ನೋಡದೆ ಬಿಟ್ಟರೆ ನಷ್ಟ ನಮ್ಮದೇ.

ಆಫ್ಟರ್‌ಗ್ಲೋ ಎಷ್ಟು ಬೇಗ ಮಂಕಾಗುತ್ತದೆ?

ಸ್ಥೂಲವಾಗಿ, ಕಾಲ ಹತ್ತು ಪಟ್ಟಾದರೆ ಹೊಳಪು ಹತ್ತನೇ ಒಂದಕ್ಕೆ ಇಳಿಯುತ್ತದೆ. ಹತ್ತನೇ ನಿಮಿಷದಲ್ಲಿ ಕಂಡದ್ದು ನೂರನೇ ನಿಮಿಷಕ್ಕೆ ಎರಡೂವರೆ ಮ್ಯಾಗ್ನಿಟ್ಯೂಡ್ ಮಂಕು (ಮ್ಯಾಗ್ನಿಟ್ಯೂಡ್ ಹೊಳಪಿನ ಅಳತೆ, ಅಂಕಿ ಹೆಚ್ಚಿದಷ್ಟೂ ಮಂಕು). ಕ್ಷ-ಕಿರಣದಲ್ಲಿ ಕಥೆ ಇಷ್ಟು ಸರಳವಿಲ್ಲ, ಇದನ್ನು ತೋರಿಸಿಕೊಟ್ಟದ್ದೇ ಸ್ವಿಫ್ಟ್. ಮೊದಲ ಕೆಲವು ನಿಮಿಷ ಕಡಿದಾದ ಇಳಿತ, ಆಮೇಲೆ ಅನೇಕ ಸಲ ಗಂಟೆಗಟ್ಟಲೆ ಹೆಚ್ಚುಕಡಿಮೆ ಸಮತಟ್ಟು, ಬಳಿಕ ಸಾಮಾನ್ಯ ಇಳಿತ, ಕೊನೆಗೆ ಕೆಲವಲ್ಲಿ ಮತ್ತೊಮ್ಮೆ ಕಡಿದು. ನಡುನಡುವೆ ದಿಢೀರನೆ ಮೇಲೆದ್ದು ಬೀಳುವ ಫ್ಲೇರ್‌ಗಳು. ಸ್ಫೋಟದ ಯಂತ್ರ ಒಂದೇ ಸಲ ಉರಿದು ಆರಿಹೋಗುವುದಿಲ್ಲ, ಆಮೇಲೂ ಕೆಲಸ ಮಾಡುತ್ತಿರುತ್ತದೆ ಎಂಬುದಕ್ಕೆ ಈ ಫ್ಲೇರ್‌ಗಳೇ ಬಲವಾದ ಸಾಕ್ಷಿ. ಮೊದಲ ನಿಮಿಷಗಳ ಬೆಲೆ ಇಲ್ಲಿ ಕಣ್ಣಿಗೆ ಕಟ್ಟುತ್ತದೆ.

ಗೋಚರ ಬೆಳಕಿನಲ್ಲಿ ಅತಿರೇಕದ ಉದಾಹರಣೆ 2008ರ ಮಾರ್ಚ್ 19ರ ಜಿಆರ್‌ಬಿ 080319ಬಿ. ಅದು 5.3 ಮ್ಯಾಗ್ನಿಟ್ಯೂಡಿಗೆ ಏರಿತು, ಕತ್ತಲ ಆಕಾಶದಲ್ಲಿ ಬರಿಗಣ್ಣಿಗೆ ಕಾಣುವಷ್ಟು; ಬೆಳಕು ಹೊರಟದ್ದು ಸುಮಾರು 750 ಕೋಟಿ ವರ್ಷಗಳ ಹಿಂದೆ. ಅರ್ಧ ಗಂಟೆ ಮುಂಚೆ ಪಕ್ಕದಲ್ಲೇ ಇನ್ನೊಂದು ಸ್ಫೋಟ ಆಗಿದ್ದುದರಿಂದ ಅಗಲ ನೋಟದ ಕ್ಯಾಮೆರಾಗಳು ಆಗಲೇ ಅತ್ತ ಮುಖ ಮಾಡಿದ್ದವು. ಅದರಿಂದಲೇ ಸ್ಫೋಟದ ಆರಂಭದ ಕ್ಷಣಗಳ ಬೆಳಕೂ ದಾಖಲಾಯಿತು.

ಯುವಾಟ್‌ನಲ್ಲಿ ಏನೂ ಕಾಣಲಿಲ್ಲ ಅಂದರೆ ಸ್ಫೋಟ ತುಂಬಾ ದೂರದ್ದೇ?

ಇರಬಹುದು, ಇಲ್ಲದಿರಬಹುದು. ಯುವಾಟ್‌ಗೆ ಕಾಣದವೇ ಹೆಚ್ಚು. ಮೂರು ಸಾಧ್ಯತೆಗಳಿವೆ: ಸ್ವಭಾವತಃ ಮಂಕು, ಆತಿಥೇಯ ಗೆಲಾಕ್ಸಿಯ ಅಥವಾ ಕ್ಷೀರಪಥದ ಧೂಳು, ಇಲ್ಲವೇ ಹೆಚ್ಚಿನ ರೆಡ್‌ಶಿಫ್ಟ್. ರೆಡ್‌ಶಿಫ್ಟ್ 5 ದಾಟಿದರೆ ನಡುವಿನ ಹೈಡ್ರೋಜನ್ ಯುವಾಟ್ ನೋಡುವ ಬೆಳಕನ್ನೆಲ್ಲ ಬಹುಮಟ್ಟಿಗೆ ನುಂಗಿಬಿಡುತ್ತದೆ. ಮೂರನ್ನೂ ಬೇರ್ಪಡಿಸಲು ಅವಗೆಂಪು ಚಿತ್ರ ಬೇಕು, ಅದೂ ಬೇಗ. 2009ರ ಏಪ್ರಿಲ್ 23ರ ಜಿಆರ್‌ಬಿ 090423ರಲ್ಲಿ ಹೀಗೇ ಆಯಿತು: ಕ್ಷ-ಕಿರಣ ಇದೆ, ಗೋಚರ ಬೆಳಕಿಲ್ಲ, ಅವಗೆಂಪಿನಲ್ಲಿ ಬಿಂದು ಇದೆ. ರೋಹಿತ ತೆಗೆದಾಗ ರೆಡ್‌ಶಿಫ್ಟ್ 8.2.

ಹವ್ಯಾಸಿ ಅಥವಾ ಕಾಲೇಜು ದೂರದರ್ಶಕದಿಂದ ಹಿಂಬಾಲಿಸಬಹುದೇ? ಹೇಗೆ?

ಖಂಡಿತ. ಜಿಸಿಎನ್‌ನಲ್ಲಿ ಖಾತೆ ತೆರೆಯಿರಿ. ಸೂಚನೆಗಳು ಇಮೇಲ್‌ನಲ್ಲೂ ಬರುತ್ತವೆ. ದೂರದರ್ಶಕ ತಾನೇ ತಿರುಗಬೇಕಾದರೆ ಕಾಫ್ಕಾ ಎಂಬ ಸಂದೇಶ ವ್ಯವಸ್ಥೆಯ ಮೂಲಕ ಪೈಥಾನ್ ಪ್ರೋಗ್ರಾಮಿನಲ್ಲಿ ಪಡೆಯಿರಿ. ಸ್ವಿಫ್ಟ್‌ನ ಬ್ಯಾಟ್ ಸ್ಥಾನ, ಎಕ್ಸ್‌ಆರ್‌ಟಿ ಸ್ಥಾನ, ಯುವಾಟ್ ಸ್ಥಾನ, ಈ ಮೂರು ಬಗೆಯನ್ನು ಆರಿಸಿಕೊಂಡರೆ ಸಾಕು. ಎಲ್ಲವನ್ನೂ ಆರಿಸಿದರೆ ಸಂದೇಶಗಳ ಪ್ರವಾಹದಲ್ಲಿ ಬೇಕಾದದ್ದೇ ತಪ್ಪುತ್ತದೆ.

ಸೂಚನೆ ಬಂದಾಗ ಬಹಳ ಮಂದಿ ಎಡವುವುದು ಒಂದೇ ಕಡೆ. ಪಠ್ಯ ಸೂಚನೆಯಲ್ಲಿ ಸ್ಥಾನ ಮೂರು ಸಾಲಿನಲ್ಲಿರುತ್ತದೆ: ಜೆ2000 (2000ನೇ ಇಸವಿಯ ಲೆಕ್ಕದ್ದು), ಈಗಿನ ದಿನಾಂಕದ್ದು, 1950ರದ್ದು. ಜೆ2000ಕ್ಕೂ ‘ಈಗಿನ’ದಕ್ಕೂ ವ್ಯತ್ಯಾಸ ಇಂದಿಗೆ 20 ಆರ್ಕ್‌ಮಿನಿಟ್ ವರೆಗೂ ಇರಬಹುದು. ನಿಮ್ಮ ಸಿಸಿಡಿ ಕ್ಯಾಮೆರಾದ ನೋಟ 15 ಆರ್ಕ್‌ಮಿನಿಟ್ ಆಗಿದ್ದರೆ, ತಪ್ಪು ಸಾಲು ಓದಿದ ಇಡೀ ರಾತ್ರಿಯ ಚಿತ್ರಗಳಲ್ಲಿ ಸ್ಫೋಟದ ಜಾಗವೇ ಇರುವುದಿಲ್ಲ. ಜೆ2000 ಸಾಲನ್ನೇ ಓದಿ, ಆರ್.ಎ. (ಆಕಾಶದ ರೇಖಾಂಶ) ಡಿಗ್ರಿಯಲ್ಲಿದೆಯೋ ಗಂಟೆಯಲ್ಲಿದೆಯೋ ನೋಡಿ.

ಆಮೇಲೆ ದಿಗಂತದಿಂದ ಎತ್ತರ, ಚಂದ್ರನ ದೂರ, ಆ ದಿಕ್ಕಿನ ಧೂಳು ನೋಡಿಕೊಳ್ಳಿ. ಕೆಂಪು ಬೆಳಕಿನ ಆರ್ ಫಿಲ್ಟರ್ ಹಾಕಿ 60ರಿಂದ 120 ಸೆಕೆಂಡಿನ ಚಿತ್ರಗಳನ್ನು ಸಾಲಾಗಿ ತೆಗೆಯಿರಿ. ಒಂದೇ ಹತ್ತು ನಿಮಿಷದ ಚಿತ್ರ ಬೇಡ: ಗೈಡಿಂಗ್ (ನಕ್ಷತ್ರದ ಬೆನ್ನು ಹಿಡಿದು ತಿರುಗುವುದು) ಕೆಟ್ಟರೆ, ವಿಮಾನ ಹಾದರೆ ಎಲ್ಲವೂ ಹೋಗುತ್ತದೆ, ಜೊತೆಗೆ ಹೊಳಪು ಇಳಿಯುವ ಬಗೆಯೂ ಕಾಣುವುದಿಲ್ಲ. ಬೇಕಾದಷ್ಟು ಚಿತ್ರಗಳನ್ನು ಆಮೇಲೆ ಒಟ್ಟುಗೂಡಿಸಿ. ಹಳೆಯ ಸಮೀಕ್ಷಾ ಚಿತ್ರಗಳೊಡನೆ ಹೋಲಿಸಿ ಹೊಸ ಬಿಂದು ಹುಡುಕಿ. ಕಂಡರೆ, ಮೊದಲು ಆ ಹೊತ್ತಿಗೆ ಅಲ್ಲಿ ಯಾವುದಾದರೂ ಕ್ಷುದ್ರಗ್ರಹ ಇದೆಯೇ ನೋಡಿ. ಅರ್ಧ ಗಂಟೆ ಬಿಟ್ಟು ಮತ್ತೆ ಚಿತ್ರ ತೆಗೆಯಿರಿ: ಜಾಗ ಕದಲಿದರೆ ಕ್ಷುದ್ರಗ್ರಹ, ಕದಲದೆ ಮಂಕಾದರೆ ಆಫ್ಟರ್‌ಗ್ಲೋ.

ಸರ್ಕ್ಯುಲರ್ ಬರೆಯಲು ಜಿಸಿಎನ್‌ನ ಈಗಾಗಲೇ ಅನುಮತಿಯಿರುವ ಸದಸ್ಯರೊಬ್ಬರ ಅನುಮೋದನೆ ಬೇಕು. ಸ್ಫೋಟವಾದ ರಾತ್ರಿ ಹುಡುಕುವ ಬದಲು ಮೊದಲೇ ಮಾಡಿಟ್ಟುಕೊಳ್ಳಿ. ಟ್ರಿಗರ್‌ನಿಂದ ಚಿತ್ರದ ಮಧ್ಯಬಿಂದುವಿಗೆ ಎಷ್ಟು ಕಾಲ, ಒಟ್ಟು ಎಕ್ಸ್‌ಪೋಷರ್, ಫಿಲ್ಟರ್, ಮ್ಯಾಗ್ನಿಟ್ಯೂಡ್ ಮತ್ತು ಅದರ ದೋಷ, ಹೋಲಿಕೆಗೆ ಬಳಸಿದ ನಕ್ಷತ್ರ ಪಟ್ಟಿ, ಇಷ್ಟು ಇರಲೇಬೇಕು. ಏನೂ ಕಾಣದಿದ್ದರೆ ಮಿತಿ ಮ್ಯಾಗ್ನಿಟ್ಯೂಡ್ ಬರೆಯಿರಿ. ‘ಇಲ್ಲ’ ಎಂಬುದೂ ಅಳತೆಯೇ. ದೂರದ ಸ್ಫೋಟ ಗುರುತಿಸುವವರಿಗೆ ಅದು ಚಿನ್ನ.

ಎಕ್ಸ್‌ಆರ್‌ಟಿ ದತ್ತಾಂಶ ನಾವೇ ಬಳಸಬಹುದೇ? ಎಲ್ಲಿ ಎಡವುತ್ತಾರೆ?

ಸ್ವಿಫ್ಟ್‌ನ ದತ್ತಾಂಶ ಕೂಡಲೇ ಸಾರ್ವಜನಿಕ, ಕೆಲವೇ ಗಂಟೆಗಳಲ್ಲಿ ಎಲ್ಲರಿಗೂ ತೆರೆದಿರುತ್ತದೆ. ಇದಕ್ಕಾಗಿ ಈ ಯೋಜನೆಯವರಿಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಬ್ರಿಟನ್ನಿನ ಲೆಸ್ಟರ್ ವಿಶ್ವವಿದ್ಯಾಲಯದ ದತ್ತಾಂಶ ಕೇಂದ್ರ ಬೆಳಕಿನ ರೇಖೆ ಮತ್ತು ರೋಹಿತಗಳನ್ನು ತಾನಾಗಿಯೇ ತಯಾರಿಸಿ ಇಡುತ್ತದೆ. ಕಲಿಯುವವರು ನಾಸಾದ ಹೀಸಾಫ್ಟ್ ತಂತ್ರಾಂಶ ಹಾಕಿಕೊಂಡು ಒಮ್ಮೆ ಕೈಯಾರೆ ಮಾಡಿ, ಲೆಸ್ಟರ್‌ನ ಫಲಿತಾಂಶದೊಡನೆ ತಾಳೆ ನೋಡಬೇಕು.

ಎಡವುವುದು ಪೈಲ್‌ಅಪ್‌ನಲ್ಲಿ. ಫೋಟಾನ್ ಎಣಿಕೆ ಮೋಡ್‌ನಲ್ಲಿ ಎಕ್ಸ್‌ಆರ್‌ಟಿ ಎರಡೂವರೆ ಸೆಕೆಂಡಿಗೊಮ್ಮೆ ಚಿತ್ರವನ್ನು ಓದುತ್ತದೆ. ಅಷ್ಟರಲ್ಲಿ ಒಂದೇ ಜಾಗಕ್ಕೆ ಎರಡು ಫೋಟಾನ್ ಬಿದ್ದರೆ ಹೆಚ್ಚು ಶಕ್ತಿಯ ಒಂದೇ ಫೋಟಾನ್ ಎಂದು ದಾಖಲಾಗುತ್ತದೆ. ಎಣಿಕೆ ಕಡಿಮೆ ಕಾಣುತ್ತದೆ, ರೋಹಿತ ಇದ್ದದ್ದಕ್ಕಿಂತ ಗಟ್ಟಿಯಾಗಿ ಕಾಣುತ್ತದೆ. ಸೆಕೆಂಡಿಗೆ ಸುಮಾರು 0.5 ಎಣಿಕೆ ದಾಟಿದ ಕೂಡಲೇ ಪರೀಕ್ಷಿಸಿ. ಪರಿಹಾರ, ವೃತ್ತದ ಬದಲು ಬಳೆಯಾಕಾರದ ಪ್ರದೇಶ ತೆಗೆದುಕೊಂಡು ನಡುವಿನ ಕೆಲವು ಪಿಕ್ಸೆಲ್ ಬಿಟ್ಟುಬಿಡುವುದು. ಒಂದು ಪಿಕ್ಸೆಲ್ 2.36 ಆರ್ಕ್‌ಸೆಕೆಂಡ್, ಹೊರ ತ್ರಿಜ್ಯ 20–30 ಪಿಕ್ಸೆಲ್ ಇರಲಿ. ಪ್ರಖರ ಆರಂಭದಲ್ಲಿ ಎಕ್ಸ್‌ಆರ್‌ಟಿ ತಾನಾಗಿಯೇ ವಿಂಡೋಡ್ ಟೈಮಿಂಗ್ ಮೋಡ್‌ಗೆ ಹೋಗುತ್ತದೆ. ಅಲ್ಲಿ ಮಿತಿ ಸೆಕೆಂಡಿಗೆ 100ರ ಆಸುಪಾಸು, ಆದರೆ ಚಿತ್ರ ಒಂದೇ ಆಯಾಮದ್ದು.

ಇನ್ನೊಂದು ವಿಷಯ. ಸಿಸಿಡಿ ತಂಪುಮಾಡುವ ವಿದ್ಯುತ್ ಸಾಧನ ಹಾರಾಟದ ಆರಂಭದಲ್ಲೇ ಕೈಕೊಟ್ಟಿತು. ಮೈನಸ್ 100 ಡಿಗ್ರಿಯಲ್ಲಿ ಇರಬೇಕಾದ್ದು ಬಾಹ್ಯಾಕಾಶದ ಚಳಿಯನ್ನೇ ನಂಬಿ ಮೈನಸ್ 50ರಿಂದ 70ರ ಮಧ್ಯೆ ನಡೆಯುತ್ತಿದೆ. 2005ರ ಮೇ ತಿಂಗಳಲ್ಲಿ ಸೂಕ್ಷ್ಮ ಉಲ್ಕೆಯೊಂದರ ಪೆಟ್ಟೂ ಬಿತ್ತು. ಹಾಗಾಗಿ ಕೆಟ್ಟ ಪಿಕ್ಸೆಲ್ ಸಾಲುಗಳಿವೆ. ನಿಮ್ಮ ಆಕರ ಆ ಸಾಲಿನ ಮೇಲೆ ಬಿದ್ದಿದ್ದರೆ ಎಕ್ಸ್‌ಪೋಷರ್ ನಕ್ಷೆಯಿಂದ ತಿದ್ದದೆ ಹೊಳಪನ್ನು ಬರೆಯಬೇಡಿ.

ಸ್ವಿಫ್ಟ್ ನಮ್ಮ ಆಕರವನ್ನು ನೋಡಲಿ ಎಂದು ಕೇಳಬಹುದೇ?

ಯಾವ ದೇಶದವರೂ ಕೇಳಬಹುದು. ಅರ್ಜಿಯಲ್ಲಿ ತುರ್ತಿನ ನಾಲ್ಕು ಹಂತಗಳಿವೆ: ನಾಲ್ಕು ಗಂಟೆಯೊಳಗೆ, ಒಂದು ದಿನದೊಳಗೆ, ಕೆಲವು ದಿನಗಳಲ್ಲಿ, ವಾರಗಳಲ್ಲಿ. ಸ್ಥಾನ, ಅಂದಾಜು ಹೊಳಪು, ಬೇಕಾದ ಎಕ್ಸ್‌ಪೋಷರ್, ಎಷ್ಟು ಸಲ, ಎಷ್ಟು ಅಂತರದಲ್ಲಿ, ಯಾವ ಯುವಾಟ್ ಫಿಲ್ಟರ್ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. ಕಕ್ಷೆ ಒಂದೂವರೆ ಗಂಟೆಯ ಆಸುಪಾಸಿನದು, ಒಂದು ಸುತ್ತಿನಲ್ಲಿ ಒಂದು ಗುರಿಗೆ ಅರ್ಧ ಗಂಟೆಗಿಂತ ಹೆಚ್ಚು ಸಿಗುವುದು ಕಷ್ಟ. ಒಂದೆರಡು ಸಾವಿರ ಸೆಕೆಂಡಿನ ತುಂಡುಗಳಾಗಿ ಕೇಳಿದರೆ ಒಪ್ಪಿಗೆ ಸುಲಭ.

ಟ್ರಿಗರ್ ಆಗದ ಸ್ಫೋಟಗಳ ದತ್ತಾಂಶ ಏನಾಗುತ್ತದೆ?

ಬ್ಯಾಟ್ ಒಂದೊಂದು ಫೋಟಾನಿನ ವಿವರವನ್ನೂ ಸ್ವಲ್ಪ ಹೊತ್ತು ಮಾತ್ರ ನೆನಪಿನಲ್ಲಿಡುತ್ತದೆ. ಎಲ್ಲವನ್ನೂ ಕೆಳಗಿಳಿಸುವಷ್ಟು ಸಂಪರ್ಕ ಇಲ್ಲ. ಈಗ ಗ್ವಾನೋ ಎಂಬ ವ್ಯವಸ್ಥೆ ಇದೆ: ಬೇರೆ ಉಪಗ್ರಹ ಅಥವಾ ಗುರುತ್ವ ಅಲೆಯ ಸೂಚನೆ ಬಂದ ಕೂಡಲೇ ‘ಆ ಹೊತ್ತಿನದನ್ನು ಅಳಿಸಬೇಡ’ ಎಂಬ ಆಜ್ಞೆ ತಾನಾಗಿಯೇ ಮೇಲೆ ಹೋಗುತ್ತದೆ. ಮೇಲಿನ ನೆನಪು ತುಂಬಿ ಹಳೆಯದು ಅಳಿಯುವ ಮೊದಲು ಅದು ತಲುಪಬೇಕು. 2017ರ ಆಗಸ್ಟ್ 17ರ ಪ್ರಸಿದ್ಧ ನ್ಯೂಟ್ರಾನ್ ನಕ್ಷತ್ರ ಡಿಕ್ಕಿಯ ಹೊತ್ತಿನಲ್ಲಂತೂ ಇದೂ ನೆರವಾಗುತ್ತಿರಲಿಲ್ಲ, ಆ ಜಾಗ ಬ್ಯಾಟ್‌ಗೆ ಭೂಮಿಯ ಮರೆಯಲ್ಲಿತ್ತು. ಗುರುತ್ವ ಅಲೆ ಬಂದ 1.7 ಸೆಕೆಂಡಿಗೆ ಗಾಮಾ ಕಿರಣ ಕಂಡದ್ದು ಫರ್ಮಿಗೆ.

ಭಾರತದಿಂದ, ಕರ್ನಾಟಕದಿಂದ ಈ ಕೆಲಸದಲ್ಲಿ ಏನು ನಡೆಯುತ್ತಿದೆ?

ಲಡಾಖ್‌ನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ, ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಅದನ್ನು ನಡೆಸುವುದು ಹೊಸಕೋಟೆಯ ಕ್ರೆಸ್ಟ್ ಕೇಂದ್ರದಲ್ಲಿ ಕುಳಿತು, ಉಪಗ್ರಹ ಸಂಪರ್ಕದ ಮೂಲಕ. ಪಕ್ಕದಲ್ಲೇ ಅದೇ ಸಂಸ್ಥೆ ಮತ್ತು ಐಐಟಿ ಬಾಂಬೆ ಸೇರಿ ನಡೆಸುವ 70 ಸೆಂ.ಮೀ. ಗ್ರೋತ್-ಇಂಡಿಯಾ ದೂರದರ್ಶಕ, ಇದು ಸೂಚನೆ ಬಂದರೆ ತಾನೇ ತಿರುಗುತ್ತದೆ. ಈ ರೇಖಾಂಶಕ್ಕೆ ವಿಶೇಷ ಬೆಲೆಯಿದೆ: ಆಸ್ಟ್ರೇಲಿಯಾ, ಜಪಾನ್‌ಗಳಲ್ಲಿ ಬೆಳಗಾಗಿ, ಕ್ಯಾನರಿ ದ್ವೀಪಗಳಲ್ಲಿ ಇನ್ನೂ ಕತ್ತಲಾಗದ ಹೊತ್ತಿನಲ್ಲಿ ಆದ ಸ್ಫೋಟವನ್ನು ಹಿಡಿಯಬಲ್ಲವರಲ್ಲಿ ಇಲ್ಲಿಯವರು ಮುಖ್ಯರು.

ಬಾಹ್ಯಾಕಾಶದಲ್ಲಿ 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್ ಇದೆ. ಅದರ ಸಿಜೆಡ್‌ಟಿಐ ಉಪಕರಣದ್ದೂ ಬ್ಯಾಟ್‌ನ ಜಾತಿಯದ್ದೇ ಹರಳು. 100 ಕಿಲೋ ಎಲೆಕ್ಟ್ರಾನ್ ವೋಲ್ಟ್ ಮೇಲಿನ ಕಿರಣಗಳು ಉಪಗ್ರಹದ ಮೈಯನ್ನೇ ತೂರಿ ಬರುವುದರಿಂದ ಅದು ಎದುರಿಲ್ಲದ ಸ್ಫೋಟಗಳನ್ನೂ ಎಣಿಸುತ್ತದೆ. 2023ರ ಹೊತ್ತಿಗೆ 600 ದಾಟಿತ್ತು. ಇದು ತಿರುಗುವುದಿಲ್ಲ, ಹುಡುಕಾಟವೂ ದತ್ತಾಂಶ ಕೆಳಗಿಳಿದ ಮೇಲೆ. ಆದರೆ ಪ್ರಖರ ಸ್ಫೋಟಗಳ ಧ್ರುವೀಕರಣ (ಕಿರಣದ ಅಲೆಗಳು ಒಂದೇ ದಿಕ್ಕಿನಲ್ಲಿ ಎಷ್ಟು ಕಂಪಿಸುತ್ತವೆ ಎಂಬುದು) ಅಳೆಯುವುದರಲ್ಲಿ ಇದರ ಕೊಡುಗೆ ಸ್ವಿಫ್ಟ್ ಕೊಡಲಾಗದ್ದು.

ಸ್ವಿಫ್ಟ್ ಇನ್ನೆಷ್ಟು ಕಾಲ?

ಯಂತ್ರಕ್ಕೆ ವಯಸ್ಸಾಗಿದೆ. ಉಪಗ್ರಹವನ್ನು ತಿರುಗಿಸುವ ಆರು ರಿಯಾಕ್ಷನ್ ವೀಲ್‌ಗಳಲ್ಲಿ (ಚಕ್ರಗಳಲ್ಲಿ) ಒಂದು 2022ರ ಜನವರಿಯಲ್ಲಿ ಕೆಟ್ಟಿತು. ಒಂದು ತಿಂಗಳಲ್ಲಿ ಐದರಿಂದಲೇ ಕೆಲಸ ಮತ್ತೆ ಶುರುವಾಯಿತು, ತಿರುಗುವ ವೇಗ ಮಾತ್ರ ತುಸು ಕಡಿಮೆ. 2024ರಲ್ಲಿ ತಿರುಗುವಿಕೆಯನ್ನು ಅಳೆಯುವ ಗೈರೋಗಳಲ್ಲಿ ತೊಂದರೆ ಬಂದು, ಎರಡೇ ಗೈರೋಗಳಲ್ಲಿ ನಡೆಯುವಂತೆ ತಂತ್ರಾಂಶ ಬದಲಿಸಿದರು. ಇವಕ್ಕಿಂತ ದೊಡ್ಡ ಚಿಂತೆ ಕಕ್ಷೆಯದು. ಸ್ವಿಫ್ಟ್‌ಗೆ ಕಕ್ಷೆ ಏರಿಸಿಕೊಳ್ಳುವ ಎಂಜಿನ್ ಇಲ್ಲ. ಸೂರ್ಯನ ಚಟುವಟಿಕೆ ಏರಿದಾಗ ಮೇಲಿನ ವಾತಾವರಣ ಉಬ್ಬಿ ಘರ್ಷಣೆ ಹೆಚ್ಚುತ್ತದೆ. ಸುಮಾರು 600 ಕಿ.ಮೀ. ಎತ್ತರದಲ್ಲಿ ಶುರುಮಾಡಿದ ಉಪಗ್ರಹ ಈಚಿನ ವರ್ಷಗಳಲ್ಲಿ ಬೇಗ ಬೇಗ ಇಳಿಯಿತು. 2025ರ ಸೆಪ್ಟೆಂಬರ್‌ನಲ್ಲಿ ನಾಸಾ ಕಟಲಿಸ್ಟ್ ಸ್ಪೇಸ್ ಎಂಬ ಕಂಪನಿಗೆ 3 ಕೋಟಿ ಡಾಲರ್ ಗುತ್ತಿಗೆ ಕೊಟ್ಟಿತು: ಇನ್ನೊಂದು ನೌಕೆ ಹೋಗಿ, ಹಿಡಿಯಲೆಂದು ಯಾವ ಕೊಂಡಿಯೂ ಇಲ್ಲದ ಈ ಉಪಗ್ರಹವನ್ನು ಹಿಡಿದು ಮೇಲಕ್ಕೆ ತಳ್ಳಬೇಕು.

2024ರಲ್ಲಿ ಹಾರಿದ ಐನ್‌ಸ್ಟೈನ್ ಪ್ರೋಬ್ ಮತ್ತು ಫ್ರಾನ್ಸ್-ಚೀನಾದ ಎಸ್‌ವಿಒಎಂ ಈ ಕೆಲಸವನ್ನು ಹಂಚಿಕೊಳ್ಳುತ್ತಿವೆ. ಅವುಗಳ ಸೂಚನೆಗಳೂ ಜಿಸಿಎನ್‌ನಲ್ಲಿ ಬರುತ್ತವೆ, ಚಂದಾ ಪಟ್ಟಿಗೆ ಸೇರಿಸಿಕೊಳ್ಳಿ. ಆದರೆ ಹೊಸ ಬಿಂದು ಕಂಡ ಒಂದೆರಡು ನಿಮಿಷದಲ್ಲಿ ಗಾಮಾ, ಕ್ಷ-ಕಿರಣ, ಅತಿನೇರಳೆ ಮೂರನ್ನೂ ಒಂದೇ ಉಪಗ್ರಹದಿಂದ ನೋಡುವ ಇನ್ನೊಂದು ಇಲ್ಲ. ಅದಕ್ಕೇ ಹಳೆಯ ಉಪಗ್ರಹವನ್ನು ಮೇಲೆತ್ತಲು ಇಷ್ಟು ಹಣ ಸುರಿಯುವುದು ಸರಿ ಅನ್ನುತ್ತೇವೆ.